ಅಣಬೆ ಬೇಯಿಸಿದ ನೀರು

ಅಣಬೆ ಬೇಯಿಸಿದ ನೀರನ್ನು ನಾನು ಚೆಲ್ಲಲಿಲ್ಲ. ಚೆಲ್ಲಬೇಕೆಂದು ಗೊತ್ತಿತ್ತು. ಆಸ್ಪತ್ರೆಯ ಡಯಟ್ ಮೇಡಂ ನನ್ನ ಮುಖ ನೋಡಿಕೊಂಡೇ ಹೇಳಿದ್ದರು, ನಾನು ತಲೆಯಾಡಿಸಿ ಬಂದಿದ್ದೆ. ಮರೆತೆ ಎಂದು ಬರೆದರೆ ಸುಳ್ಳಾಗುತ್ತದೆ. ಆ ನೀರನ್ನು ಬೇರೆ ಪಾತ್ರೆಗೆ ಬಸಿದು, ಅದರಲ್ಲೇ ಸಾರು ಮಾಡಿ, ಎರಡೂ ಕಿಡ್ನಿ ಕೆಟ್ಟಿದ್ದ ನನ್ನ ಅಕ್ಕನಿಗೆ ಬಡಿಸಿದೆ. ಒಂದು ಸಲವಲ್ಲ, ಹಲವು ಭಾನುವಾರ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಅವಳು ಎಮರ್ಜೆನ್ಸಿ ವಾರ್ಡಿನಲ್ಲಿ ಬಿದ್ದಿದ್ದಾಗ, ಏನು ತಿನ್ನಿಸಿದಿರಿ ಎಂದು ಡಾಕ್ಟರು ಕೇಳಿದರು. ನಾನು ಸುಳ್ಳು ಹೇಳಿದೆ.

ನಾನು ಓದಿದ್ದು ಏಳನೇ ಕ್ಲಾಸು. ಪೀಣ್ಯದ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತೇನೆ. ಬರೆದು ಅಭ್ಯಾಸವಿಲ್ಲ. ಆದರೆ ಡಯಾಲಿಸಿಸ್ ಹಾಲಿನ ಹೊರಗಿನ ಕುರ್ಚಿಗಳಲ್ಲಿ ನನ್ನಂಥವರು, ಅಂದರೆ ಮನೆಯಲ್ಲಿ ರೋಗಿಗೆ ಬೇಯಿಸಿ ಹಾಕುವವರು, ಬಹಳ ಜನ ಕೂತಿರುತ್ತಾರೆ. ಎಲ್ಲರ ಹೊಟ್ಟೆಯಲ್ಲೂ ಹೇಳದೆ ಇಟ್ಟುಕೊಂಡದ್ದು ಏನಾದರೂ ಇದ್ದೇ ಇರುತ್ತದೆ. ಅವರಲ್ಲಿ ಯಾರಾದರೂ ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಅಕ್ಕನ ಹೆಸರು ರತ್ನ. ನಮ್ಮದು ಮಾಗಡಿ ಕಡೆಯ ಹಳ್ಳಿ. ಅವ್ವ ತೀರಿಕೊಂಡಾಗ ನಾನಿನ್ನೂ ಚಿಕ್ಕವನು, ಅಕ್ಕ ಲಂಗ ಹಾಕುವ ಹುಡುಗಿ. ಆವತ್ತಿನಿಂದ ಒಲೆ ಅವಳದಾಯಿತು. ಶಿವಣ್ಣ ಭಾವನನ್ನು ಮದುವೆಯಾಗಿ ಲಗ್ಗೆರೆಗೆ ಬರುವಾಗ ನನ್ನನ್ನೂ ಕರೆದುಕೊಂಡು ಬಂದಳು. ಭಾವನಿಗೆ ಪೀಣ್ಯದಲ್ಲಿ ಲೇತ್ ಕೆಲಸ. ಅಕ್ಕ ಗಾರ್ಮೆಂಟ್ಸಿನಲ್ಲಿ ಶರ್ಟಿನ ಕಾಲರ್ ಹೊಲಿಯುತ್ತಿದ್ದಳು. ಅವರಿಗೆ ಒಬ್ಬಳೇ ಮಗಳು, ಸಿಂಧು. ಈಗ ಒಂದು ಕೊರಿಯರ್ ಆಫೀಸಿನಲ್ಲಿ ಬಿಲ್ಲಿಂಗ್ ಕೆಲಸದಲ್ಲಿದ್ದಾಳೆ. ನನಗೆ ಮದುವೆ ಕೂಡಿಬರಲಿಲ್ಲ. ಆ ಮನೆಯೇ ನನ್ನ ಮನೆ.

ಅಕ್ಕ ನನಗೆ ಕಲಿಸಿದ ಮೊದಲ ಅಡುಗೆ ಬಸ್ಸಾರು. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಕಾಳನ್ನೋ ಸೊಪ್ಪನ್ನೋ ಬೇಯಿಸಿ, ನೀರನ್ನು ಬಸಿದುಕೊಂಡು, ಬೆಂದದ್ದರಲ್ಲಿ ಪಲ್ಯ, ಬಸಿದ ನೀರಿನಲ್ಲಿ ಸಾರು. ಸತ್ವವೆಲ್ಲ ಆ ನೀರಿಗೆ ಇಳಿದಿರುತ್ತದೆ ಎಂದು ಅವಳೇ ಹೇಳಿಕೊಟ್ಟದ್ದು. ಒಮ್ಮೆ ನಾನು ಕೈತಪ್ಪಿ ಆ ನೀರನ್ನು ಬಚ್ಚಲಿಗೆ ಸುರಿದಾಗ ತಲೆಗೆ ಮೊಟಕಿ ಹೇಳಿದ್ದಳು: "ಸಾರೆಲ್ಲಾ ಬಚ್ಚಲಿಗೆ ಉಣ್ಸ್‌ಬಿಟ್ಯಲ್ಲೋ, ನಾವೇನು ಉಣ್ಣಾನ?" ಕ್ಯಾಂಟೀನಿಗೆ ಸೇರಿದ ಮೇಲೂ ನನಗೆ ಹೆಸರು ಬಂದದ್ದು ಅದರಿಂದಲೇ. ಬಸ್ಸಾರಿನ ದಿನ ಎರಡನೇ ಸಲ ತಟ್ಟೆ ಹಿಡಿದು ಬರುವವರು ಜಾಸ್ತಿ. ಬಸಿದ ನೀರು ಚೆಲ್ಲುವ ಕೈ ನನ್ನದಲ್ಲ. ಆ ಹೆಮ್ಮೆ ನನಗಿತ್ತು.

ಅಕ್ಕನ ಕಾಲು ಊದಿಕೊಳ್ಳಲು ಶುರುವಾದಾಗ ನಾವ್ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ದಿನವಿಡೀ ಮಿಷನ್ ಮುಂದೆ ಕೂತರೆ ಯಾರ ಕಾಲು ತಾನೇ ಊದುವುದಿಲ್ಲ? ಮುಖವೂ ಊದಿದಾಗ ಆಸ್ಪತ್ರೆಗೆ ಹೋದೆವು. ಬಿ.ಪಿ. ಬಹಳ ದಿನದಿಂದ ಒಳಗೊಳಗೇ ಕೆಲಸ ಮಾಡಿಬಿಟ್ಟಿದೆ, ಕಿಡ್ನಿ ಹೋಗಿದೆ ಎಂದರು. ಭಾವ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರು. "ಎರಡೂನಾ ಸಾರ್?" ಡಾಕ್ಟರು ಹೌದು ಎಂದಮೇಲೂ, ರೂಮಿನಿಂದ ಹೊರಗೆ ಬಂದಮೇಲೂ ನನ್ನನ್ನು ಹಿಡಿದು ಕೇಳಿದರು. "ಎರಡೂ ಅಂದ್ರೇನೋ ಅವ್ರು?" ಅಕ್ಕ ಮಾತ್ರ, ಹಾಗಾದರೆ ಡ್ಯೂಟಿಗೆ ಯಾವಾಗ ಹೋಗಬಹುದು ಎಂದು ಕೇಳಿದಳು.

ಮೊದಲು ಅವಳ ಕತ್ತಿಗೆ ನಳಿಕೆ ಹಾಕಿ ಡಯಾಲಿಸಿಸ್ ಮಾಡಿದರು. ಆ ನಳಿಕೆಗೆ ಸೋಂಕು ತಗುಲಿ, ಹಲ್ಲು ಕಟಕಟ ಎನ್ನುವಂಥ ಚಳಿಜ್ವರ ಬಂತು. ಅವಳು ಬದುಕುತ್ತಾಳೋ ಇಲ್ಲವೋ ಎಂದು ನಾವು ಕಾದ ದಿನಗಳು ಅವು. ಆಮೇಲೆ ಎಡಗೈಯಲ್ಲಿ ಎರಡು ರಕ್ತನಾಳ ಸೇರಿಸಿ ಫಿಸ್ಟುಲಾ ಎಂದು ಮಾಡಿದರು. ಸೂಜಿ ಚುಚ್ಚುವುದಕ್ಕೆ ಅದೇ ಬಾಗಿಲು. ಅದರ ಮೇಲೆ ಕೈಯಿಟ್ಟರೆ ಒಳಗೆ ಗುಂಯ್ ಎನ್ನುತ್ತದೆ. ಅಕ್ಕ ನನ್ನ ಬೆರಳನ್ನು ಎಳೆದು ಅದರ ಮೇಲೆ ಇಟ್ಟು, "ನೋಡೋ, ನನ್ ಮಿಷನ್ ಮೋಟ್ರು ಇಲ್ಲಿಗೇ ಬಂದ್ಬಿಡ್ತು" ಎಂದು ನಕ್ಕಳು. ನಕ್ಕ ಮೇಲೆ ಒಂದು ಮಾತು ಹೇಳಿದಳು. "ಏನಾದ್ರೂ ಆಗ್ಲಿ, ಇನ್ನೊಂದ್ಸಲ ಕತ್ತಿಗೆ ಮಾತ್ರ ಬ್ಯಾಡ ಕಣೋ ಮಂಜ."

ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ನಾನು ಬೆಳಗಿನ ಪಾಳಿಗೆ ಬದಲಾಯಿಸಿಕೊಂಡು ಮನೆಯ ಅಡುಗೆಯನ್ನೂ ವಹಿಸಿಕೊಂಡೆ. ಎಳನೀರಿಲ್ಲ, ಬಾಳೆಹಣ್ಣಿಲ್ಲ, ನೀರು ಅಳತೆಯಲ್ಲಿ. ತರಕಾರಿ ಯಾವುದೇ ಆಗಲಿ, ಸಣ್ಣಗೆ ಹೆಚ್ಚಿ, ಬೇಕಾದಷ್ಟು ನೀರಿನಲ್ಲಿ ಬೇಯಿಸಿ, ನೀರು ಚೆಲ್ಲಬೇಕು. ಆ ನೀರಿಗೆ ಇಳಿಯುವ ಪೊಟ್ಯಾಸಿಯಂ ನಮಗೆಲ್ಲ ಸತ್ವ. ಅಕ್ಕನ ಮೈಯಲ್ಲಿ ಅದು ಹೊರಹೋಗಲು ದಾರಿಯಿಲ್ಲದೆ ಎದೆಬಡಿತವನ್ನೇ ನಿಲ್ಲಿಸಬಲ್ಲದು ಎಂದು ಹೇಳಿದ್ದರು. ನನ್ನ ಕೈಗೆ ಆ ಅಡುಗೆ ಒಗ್ಗಲಿಲ್ಲ. ಒಗ್ಗದಿದ್ದರೂ ಶುರುವಿನಲ್ಲಿ ಒಂದು ಹನಿ ತಪ್ಪದಂತೆ ಮಾಡಿದೆ. ಅಕ್ಕ ಕಾಗದ ಅಗಿಯುವಂತೆ ಅಗಿದು, ತಟ್ಟೆಯಿಂದ ತಲೆಯೆತ್ತದೆ "ಚೆನ್ನಾಗೈತೆ" ಎನ್ನುತ್ತಿದ್ದಳು. ಕೋಳಿ, ಮೊಟ್ಟೆ ಕೊಡಬಹುದಿತ್ತು, ಆದರೆ ಬಾಯಿಗೆ ಕಬ್ಬಿಣ ಇಟ್ಟಂತಾಗುತ್ತದೆ ಎಂದು ಮುಖ ತಿರುಗಿಸುತ್ತಿದ್ದಳು. ರವಿಕೆಯ ತೋಳು ದಿನದಿನಕ್ಕೆ ಸಡಿಲವಾಗುತ್ತಿತ್ತು.

ಡಯಾಲಿಸಿಸ್ ಹಾಲಿನ ಹೊರಗೆ ಕೂತವರು ಕಾಯಿಲೆಯ ಮಾತಾಡುತ್ತಾರೆಂದು ನಾನು ತಿಳಿದಿದ್ದೆ. ಇಲ್ಲ, ಅಲ್ಲಿ ಬರೀ ಊಟದ ಮಾತು. ಯಾರ ಮದುವೆಯಲ್ಲಿ ಏನು ಬಡಿಸಿದರು, ಯಾವ ಹೋಟೆಲಿನ ಚಟ್ನಿ ಹೇಗಿತ್ತು. ಅಕ್ಕನ ಪಾಳಿಯಲ್ಲೇ ಖಾದರ್ ಸಾಬರು ಎಂಬ ಹಳೆಯ ಆಟೋ ಡ್ರೈವರ್ ಬರುತ್ತಿದ್ದರು. ಅವರು ಮಾವಿನಹಣ್ಣಿನ ವಿಷಯ ಎತ್ತಿದರೆ ನರ್ಸುಗಳೂ ನಿಂತು ಕೇಳುತ್ತಿದ್ದರು. ಒಂದು ದಿನ ಅಕ್ಕನೂ ಬಾಯಿಬಿಟ್ಟಳು. ಮೊದಲ ಮಳೆ ಬಿದ್ದ ಮಾರನೇ ದಿನ ನನ್ನ ಕೈಹಿಡಿದುಕೊಂಡು ಹುತ್ತದ ಹತ್ತಿರ ಹೋಗಿ ಅಣಬೆ ಕಿತ್ತು ತರುತ್ತಿದ್ದುದನ್ನು, ಅದರ ಸಾರು ಕುದಿಯುವಾಗ ಬೀದಿಯವರೆಲ್ಲ ಏನು ವಿಶೇಷ ಎಂದು ಕೇಳುತ್ತಿದ್ದುದನ್ನು ಹೇಳಿದಳು. ಹೇಳುವಾಗ ಅವಳ ಮುಖಕ್ಕೆ ಬಣ್ಣ ಬಂದಿತ್ತು.

ಆವತ್ತೇ ಡಯಟ್ ಮೇಡಂ ಹತ್ತಿರ ಹೋಗಿ ಕೇಳಿದೆವು. ಅವರು ಬೇಡ ಎನ್ನುತ್ತಾರೆಂದುಕೊಂಡಿದ್ದೆ. ಅಂಗಡಿಯಲ್ಲಿ ಪ್ಯಾಕೆಟ್ಟಿನಲ್ಲಿ ಸಿಗುವ ಬಿಳಿ ಬಟನ್ ಅಣಬೆ ಕೊಡಬಹುದು, ಅದೂ ಸ್ವಲ್ಪ, ಕಾಡಿನದು ಮಾತ್ರ ಮುಟ್ಟಲೇಬೇಡಿ ಎಂದರು.

"ಲಗ್ಗೆರೇಲಿ ಹುತ್ತ ಎಲ್ಲೈತೆ ಬುಡಿ ಮೇಡಂ" ಎಂದಳು ಅಕ್ಕ.

ಮೇಡಂ ನಕ್ಕು, ನನ್ನ ಕಡೆ ತಿರುಗಿ ಹೇಳಿದರು. "ಹೋಳು ಮಾಡಿ, ಜಾಸ್ತಿ ನೀರಲ್ಲಿ ಬೇಯಿಸಿ, ಆ ನೀರು ಚೆಲ್ಲಿಬಿಡಿ. ಸೂಪು, ಸಾರು ಏನೂ ಮಾಡ್ಬೇಡಿ ಅದ್ರಲ್ಲಿ. ಆಯ್ತಾ?"

ಆಯ್ತು ಮೇಡಂ ಎಂದೆ.

ಮೊದಲ ಭಾನುವಾರ ಹಾಗೆಯೇ ಮಾಡಿದೆ. ನೀರು ಚೆಲ್ಲಿದೆ. ಉಳಿದದ್ದು ರಬ್ಬರು. ಅಕ್ಕ ಎರಡು ಹೋಳು ತಿಂದು, ನನಗೆ ಬೇಜಾರಾಗದಿರಲೆಂದು ಮೂರನೆಯದನ್ನೂ ನುಂಗಿ, ಹೊಟ್ಟೆ ತುಂಬಿತು ಎಂದಳು.

ಮುಂದಿನ ಭಾನುವಾರ ಅಣಬೆ ಬೆಂದು ಮುಚ್ಚಳ ತೆಗೆದಾಗ ಮಳೆ ಬಿದ್ದ ಮಣ್ಣಿನ ವಾಸನೆ ಎದ್ದಿತು. ಒಂದು ಚಮಚ ನೀರನ್ನು ನಾಲಿಗೆಗೆ ಬಿಟ್ಟುಕೊಂಡೆ. ಅಣಬೆಯ ರುಚಿಯೆಲ್ಲ ಅಲ್ಲಿತ್ತು. ಬಸಿದ ಮೇಲೆ ಜಾಲರಿಯಲ್ಲಿ ಉಳಿದದ್ದು ಬರೀ ಸಪ್ಪೆ ಹೋಳು. ಸಿಂಕಿನ ಮುಂದೆ ಆ ನೀರಿನ ಪಾತ್ರೆ ಹಿಡಿದುಕೊಂಡು ನಿಂತೆ. ಕೈ ಬಗ್ಗಲಿಲ್ಲ. ಅವರು ಎಲ್ಲಾ ತರಕಾರಿಗೂ ಹೇಳುವ ಮಾತನ್ನೇ ಇದಕ್ಕೂ ಹೇಳಿದ್ದಾರೆ, ಇಷ್ಟರಿಂದ ಏನಾಗಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಮೆಣಸು, ಜೀರಿಗೆ, ಬೆಳ್ಳುಳ್ಳಿ ಹುರಿದು ಅರೆದು, ಆ ನೀರನ್ನು ಕುದಿಸಿ ಗಟ್ಟಿ ಮಾಡಿ ಅಣಬೆಯನ್ನು ಮತ್ತೆ ಅದಕ್ಕೇ ಹಾಕಿದೆ.

ಅಕ್ಕ ಒಂದು ತುತ್ತು ತಿಂದು ನಿಲ್ಲಿಸಿದಳು. ನನ್ನನ್ನು ನೋಡಿದಳು. ಆಮೇಲೆ ತಟ್ಟೆ ಖಾಲಿಯಾಗುವವರೆಗೆ ಕೈ ನಿಲ್ಲಿಸಲಿಲ್ಲ. ಮುಗಿದ ಮೇಲೆ ಬೆರಳು ಚೀಪುತ್ತಾ, "ಇನ್ನೊಂಚೂರು ಬುಡು" ಎಂದಳು.

ಕಾಯಿಲೆ ಬಿದ್ದ ಮೇಲೆ ಆ ಮಾತನ್ನು ಅವಳ ಬಾಯಲ್ಲಿ ಕೇಳಿರಲಿಲ್ಲ. ಭಾವ ನನ್ನ ಬೆನ್ನು ತಟ್ಟಿ, ಡಾಕ್ಟರ ಕೈಲಿ ಆಗದ್ದನ್ನು ನೀನು ಮಾಡಿದೆ ಎಂದರು. ನಾನು ಸೋತದ್ದು ಅಲ್ಲಿ. ಅಕ್ಕನ ಮೇಲಿನ ಪ್ರೀತಿಯಿಂದ ಮಾಡಿದೆ ಎಂದು ಹೇಳಿಕೊಳ್ಳಬಹುದು, ಅದೂ ಇತ್ತು. ಆದರೆ ತಟ್ಟೆ ಎರಡನೇ ಸಲ ಮುಂದೆ ಬಂದಾಗ ಅಡುಗೆಯವನಿಗೆ ಆಗುವ ಖುಷಿಯೂ ಇತ್ತು, ಅದೇ ಜಾಸ್ತಿ ಇತ್ತು.

ಅಣಬೆ ನೀರಿನಿಂದ ಶುರುವಾದದ್ದು ಅಲ್ಲಿಗೇ ನಿಲ್ಲಲಿಲ್ಲ. ಏನೂ ಆಗಲಿಲ್ಲವಲ್ಲ ಎಂದು ಹುರುಳಿಕಾಳಿನ ನೀರನ್ನೂ ಸೇರಿಸಿದೆ, ಆಮೇಲೆ ದಂಟಿನ ಸೊಪ್ಪಿನದನ್ನೂ. ಭಾನುವಾರ ಮಾಡಿದ್ದು ಸೋಮವಾರಕ್ಕೂ ಉಳಿಯುತ್ತಿತ್ತು. ಶನಿವಾರ ಡಯಾಲಿಸಿಸ್ ಮುಗಿಸಿ ಬಂದರೆ ಮತ್ತೆ ಮಂಗಳವಾರವೇ. ವಾರದಲ್ಲಿ ಅವಳ ರಕ್ತ ಶುದ್ಧವಾಗದೆ ಹೆಚ್ಚು ಹೊತ್ತು ಉಳಿಯುವುದು ಆ ಎರಡು ದಿನವೇ. ಅದೂ ನನಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಒಂದಕ್ಕೊಂದು ಸೇರಿಸಿ ನೋಡಲು ನನಗೆ ಮನಸ್ಸಿರಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಅಕ್ಕ ಹಾಸಿಗೆಯಿಂದ ಏಳಲಿಲ್ಲ. ತುಟಿ ಜುಮುಜುಮು ಎನ್ನುತ್ತದೆ ಎಂದಳು. ಕಾಲು ತನ್ನದಲ್ಲ, ಯಾರೋ ಮರಳು ತುಂಬಿದ್ದಾರೆ ಎಂದಳು. ಭಾವ ಮತ್ತು ನಾನು ಕುರ್ಚಿಯಲ್ಲಿ ಕೂರಿಸಿಕೊಂಡು ಮೆಟ್ಟಿಲಿಳಿಸಿದೆವು. ಆಟೋದಲ್ಲಿ ಅವಳ ತಲೆ ನನ್ನ ಹೆಗಲ ಮೇಲಿತ್ತು. ರಿಂಗ್ ರೋಡಿನ ಸಿಗ್ನಲ್ಲಿನಲ್ಲಿ ಲಾರಿಗಳ ನಡುವೆ ಸಿಕ್ಕಿಕೊಂಡೆವು. ನಾನು ಫಿಸ್ಟುಲಾ ಮೇಲೆ ಬೆರಳಿಟ್ಟು, ಗುಂಯ್ ಎನ್ನುತ್ತಿದೆಯೇ ಎಂದು ನೋಡುತ್ತಲೇ ಇದ್ದೆ. ಅವಳು ಕಣ್ಣುಮುಚ್ಚಿ, ಮೋಟ್ರು ಆಫ್ ಆಯ್ತಾ ಎಂದು ಕೇಳಿದಳು. ನನಗೆ ನಗು ಬರಲಿಲ್ಲ.

ಆಸ್ಪತ್ರೆಯಲ್ಲಿ ಎದೆಗೆ ತಂತಿ ಅಂಟಿಸಿ ತೆಗೆದ ಗ್ರಾಫನ್ನು ನೋಡಿದ ಕಿರಿಯ ಡಾಕ್ಟರು, ಹಿರಿಯ ಡಾಕ್ಟರನ್ನು ಕರೆಯಲು ಓಡಿದರು. ಡಾಕ್ಟರೊಬ್ಬರು ಓಡುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಪರದೆ ಎಳೆದರು. ಒಳಗಿನ ಯಂತ್ರದ ಟಿಕ್ ಟಿಕ್ ಕೇಳುತ್ತಿತ್ತು, ಬಹಳ ನಿಧಾನವಾಗಿ. ಸಿಂಧು ಆಫೀಸಿನಿಂದ ಓಡಿ ಬಂದು ನನ್ನ ತೋಳು ಹಿಡಿದುಕೊಂಡು ನಿಂತಳು. ಒಂದು ಟಿಕ್ ಆದಮೇಲೆ ಇನ್ನೊಂದು ಬರುವವರೆಗೆ ಅವಳ ಉಗುರು ನನ್ನ ತೋಳಿಗೆ ನಾಟುತ್ತಿತ್ತು.

ಇಂಜೆಕ್ಷನ್ ಕೊಟ್ಟು, ಅಲ್ಲಿಂದ ನೇರವಾಗಿ ಡಯಾಲಿಸಿಸ್‌ಗೆ ಒಯ್ದರು. ಹಿರಿಯ ಡಾಕ್ಟರು ಹೊರಗೆ ಬಂದು, ಪೊಟ್ಯಾಸಿಯಂ ವಿಪರೀತ ಏರಿದೆ, ಇನ್ನು ಸ್ವಲ್ಪ ತಡವಾಗಿದ್ದರೆ ಹೃದಯ ನಿಲ್ಲುತ್ತಿತ್ತು ಎಂದರು. ಆಮೇಲೆ ನಮ್ಮ ಮೂವರನ್ನೂ ನೋಡಿ ಕೇಳಿದರು. "ಊಟಕ್ಕೆ ಏನು ಕೊಟ್ರಿ? ನಿನ್ನೆ, ಮೊನ್ನೆ?"

ಹೇಳುವ ಸಮಯ ಅದು. ಬಾಯಿ ತೆರೆದೂ ಇದ್ದೆ. ಬಂದದ್ದು ಬೇರೆ ಮಾತು. "ಎಲ್ಲಾ ಮೇಡಂ ಹೇಳ್ದಂಗೇ ಮಾಡ್ತಿದೀನಿ ಸಾರ್."

ಭಾವ ನನ್ನ ಹೆಗಲ ಮೇಲೆ ಕೈಯಿಟ್ಟರು. "ಇವ್ನು ಅಡುಗೆಯವ್ನೇ ಸಾರ್. ಇವ್ನ ಕೈಲಿ ತಪ್ಪಾಗಲ್ಲ."

ಆ ಕೈಯ ಭಾರ ನನಗೆ ಇವತ್ತಿಗೂ ಹೆಗಲ ಮೇಲಿದೆ.

ನಾನು ತಪ್ಪು ಮಾಡಿಲ್ಲ ಎಂದಮೇಲೆ ಮಾಡಿರಬೇಕಾದವಳು ಅಕ್ಕ. ಅವಳು ಮನೆಗೆ ಬಂದ ಮೇಲೆ ಸಿಂಧು ಅವಳ ಕೈಚೀಲ ನೋಡಿದಳು, ದಿಂಬಿನ ಕೆಳಗೆ ನೋಡಿದಳು. ಕೆಳಗಿನ ಅಂಗಡಿಯವರಿಗೆ, ಅಮ್ಮ ಬಂದರೆ ಏನೂ ಕೊಡಬೇಡಿ ಎಂದು ಹೇಳಿಬಂದಳು. ಬೀದಿಗೇ ಗೊತ್ತಾಯಿತು. ಅಕ್ಕ ಮೊದಲು ನಕ್ಕಳು, ಆಮೇಲೆ ಅವ್ವನ ಮೇಲೆ ಆಣೆ ಇಟ್ಟಳು. ಭಾವ ನಂಬಲಿಲ್ಲ. ಹೆದರಿದ ಮನುಷ್ಯ ಬೈಯುವ ಹಾಗೆ ಬೈಯುತ್ತಿದ್ದರು. "ಬಾಯ್ ಕಟ್ಟಕ್ಕಾಗಲ್ವಾ ನಿಂಗೆ? ನಾವೆಲ್ಲ ಯಾರಿಗೋಸ್ಕರ ಓಡಾಡ್ತಿರೋದು?" ದಿನಾ ಇದೇ. ಇಷ್ಟು ವರ್ಷ ಆ ಮನೆಯನ್ನು ನಡೆಸಿದವಳು, ಮಗಳು ಬಾಗಿಲು ತೆರೆದ ಸದ್ದಾದರೆ ಕೈ ಬರಿದಾಗಿದೆ ಎಂದು ತೋರಿಸುವಂತೆ ಅಂಗೈ ಬಿಚ್ಚಿ ಕೂರತೊಡಗಿದಳು.

ಒಂದು ಸಂಜೆ ನಾನು ಮುದ್ದೆ ತಿರುವುತ್ತಿದ್ದೆ. ನಡುಮನೆಯಲ್ಲಿ ಜಗಳ ಶುರುವಾಯಿತು. ಅಕ್ಕ ಎದ್ದು ಅಡುಗೆಮನೆಯ ಬಾಗಿಲಿಗೆ ಬಂದು, ಚೌಕಟ್ಟನ್ನು ಹಿಡಿದುಕೊಂಡು ನಿಂತು ಹೇಳಿದಳು. "ಊಂ, ತಿಂದೆ. ಪಕ್ಕದ್ಮನೆ ಪೂಜೆ ಪ್ರಸಾದದ ಬಾಳೆಹಣ್ಣು ತಿಂದೆ. ತಪ್ಪಾಯ್ತು. ಇನ್ ತಿನ್ನಲ್ಲ. ಸಾಕಾ?"

ಮನೆ ತಣ್ಣಗಾಯಿತು. ಭಾವ ಟಿ.ವಿ. ಹಾಕಿದರು. ನಾನು ಕೋಲು ಹಿಡಿದುಕೊಂಡು ನಿಂತೇ ಇದ್ದೆ, ಮುದ್ದೆ ತಳ ಹತ್ತಿತು. ಆ ಪ್ರಸಾದದ ತಟ್ಟೆಯನ್ನು ಪಕ್ಕದ ಮನೆಯಿಂದ ಇಸಿದುಕೊಂಡವನು ನಾನು. ಅಕ್ಕನ ಕಣ್ಣಿಗೆ ಬೀಳದಿರಲಿ ಎಂದು ಆ ಬಾಳೆಹಣ್ಣನ್ನು ಮೆಟ್ಟಿಲ ಮೇಲೆಯೇ ನಿಂತು ತಿಂದವನೂ ನಾನು. ಮನೆಯಲ್ಲಿ ಜಗಳ ನಿಲ್ಲಲಿ ಎಂದು ಅವಳು ತಾನು ಮಾಡದ ತಪ್ಪನ್ನು ಮೈಮೇಲೆ ಎಳೆದುಕೊಂಡಳು.

ಭಾವ ಆ ಬಾಳೆಹಣ್ಣಿನ ವಿಷಯವನ್ನು ಡಾಕ್ಟರಿಗೆ ಹೇಳಿದರು. ಡಾಕ್ಟರು ಒಪ್ಪಲಿಲ್ಲ. ಒಂದು ಬಾಳೆಹಣ್ಣಿಗೆ ಇಷ್ಟು ಏರುವುದಿಲ್ಲ. ಊಟ ಸರಿಯಿದ್ದರೆ ಡಯಾಲಿಸಿಸ್ ಸರಿಯಾಗಿ ಆಗುತ್ತಿಲ್ಲ ಎಂದರ್ಥ, ಕೈಯ ಫಿಸ್ಟುಲಾ ಒಳಗೆ ಕಿರಿದಾಗಿರಬಹುದು ಎಂದರು. ಸ್ಕ್ಯಾನಿನಲ್ಲಿ ಸ್ಪಷ್ಟವಾಗಿ ಗೊತ್ತಾಗಲಿಲ್ಲ. ನಾಳದೊಳಗೆ ತಂತಿ ಬಿಟ್ಟು ನೋಡಬೇಕು, ಬೇಕಾದರೆ ಬಲೂನು ಊದಿ ಹಿಗ್ಗಿಸಬೇಕು ಎಂದು ದಿನ ಗೊತ್ತುಮಾಡಿದರು. ಅಪರೂಪಕ್ಕೆ ನಾಳಕ್ಕೆ ಪೆಟ್ಟಾಗಿ ಫಿಸ್ಟುಲಾ ಮುಚ್ಚಿಹೋಗುವುದುಂಟು, ಹಾಗಾದರೆ ಹೊಸದು ಆಗುವವರೆಗೆ ಮತ್ತೆ ಕತ್ತಿನಿಂದಲೇ ಎಂದೂ ಹೇಳಿದರು. ಅಕ್ಕ ಕತ್ತಿನ ಹಳೆಯ ಗಾಯದ ಮೇಲೆ ಸೆರಗು ಎಳೆದುಕೊಂಡಳು.

ಆ ಮಂಗಳವಾರದ ನಂತರ ನಾನು ಎಲ್ಲಾ ನೀರನ್ನೂ ಚೆಲ್ಲುತ್ತಿದ್ದೆ. ರಿಪೋರ್ಟಿನಲ್ಲಿ ಪೊಟ್ಯಾಸಿಯಂ ಇಳಿಯತೊಡಗಿತ್ತು. ಆದರೂ ಒಮ್ಮೆ ಅಷ್ಟು ಏರಿದ್ದಕ್ಕೆ ಕಾರಣ ಸಿಗದೆ ಬಿಡುವ ಹಾಗಿಲ್ಲ ಎಂದರು ಡಾಕ್ಟರು. ಕಾರಣ ಅವರ ಎದುರಿಗೇ ಕೈಕಟ್ಟಿ ನಿಂತಿತ್ತು. ಆ ವಾರದ ಭಾನುವಾರ ಅಕ್ಕ ಅಣಬೆಯ ಹೋಳೊಂದನ್ನು ಬಾಯಲ್ಲಿ ಆಚೀಚೆ ಆಡಿಸಿ, ಅಣಬೆ ಮೊದಲಿನಂತಿಲ್ಲ ಎಂದಳು. ಆಮೇಲೆ ತನಗೇ ಎಂಬಂತೆ, "ನನ್ ನಾಲಿಗೇನೇ ಕೆಟ್ಟೋಯ್ತೇನೋ ಬುಡು" ಎಂದಳು.

ಗೊತ್ತುಮಾಡಿದ ದಿನ ಬಂತು. ಅಕ್ಕನಿಗೆ ಆಸ್ಪತ್ರೆಯ ಹಸಿರು ಬಟ್ಟೆ ಹಾಕಿಸಿ, ಎಡಗೈಗೆ ಔಷಧ ಬಳಿದು ಗಾಲಿಕುರ್ಚಿಯಲ್ಲಿ ಕೂರಿಸಿದ್ದರು. ಭಾವ ಸಹಿ ಹಾಕಲು ಕೌಂಟರಿಗೆ ಹೋಗಿದ್ದರು. ಅವಳ ಬಲಗೈ ಎಡಗೈಯ ಮೇಲೆಯೇ ಇತ್ತು, ಮಗುವನ್ನು ಮುಚ್ಚಿಕೊಂಡ ಹಾಗೆ. ಅವಳನ್ನು ನೋಡಲಾಗದೆ ಎದ್ದು ಹೋಗಿ ಖಾದರ್ ಸಾಬರ ಪಕ್ಕ ಕೂತೆ. ಅವರು ತಮ್ಮ ಪಾಳಿಗೆ ಕಾಯುತ್ತಿದ್ದರು. ಖುಷಿಯಾಗಿದ್ದರು. ಮಗಳ ಮನೆಗೆ ಹೋಗಿ ಮಾವಿನಹಣ್ಣು ತಿಂದು ಬಂದಿದ್ದರಂತೆ, ಆಸ್ಪತ್ರೆಗೆ ಬಂದ ಕೂಡಲೇ ನರ್ಸಿಗೆ ಹೇಳಿಯೂ ಬಿಟ್ಟಿದ್ದರಂತೆ.

ಯಾಕೆ ಹೇಳಿದಿರಿ, ಬೈಯಲಿಲ್ಲವೇ ಎಂದು ಕೇಳಿದೆ.

"ಬೈದ್ರು ಗುರು, ಸಕ್ಕತ್ ಬೈದ್ರು. ಬೈಸ್ಕೊಂಡ್ರೆ ಕಿವಿ ನೋಯ್ತದೆ ಅಷ್ಟೇ. ಮುಚ್ಚಿಟ್ರೆ ಅವ್ರು ಎಲ್ಲೆಲ್ಲೋ ಚುಚ್ಚಿ ಹುಡುಕ್ತಾರೆ."

ಅವರು ತಮ್ಮ ಮಾತನ್ನು ಹೇಳಿದ್ದು, ನನಗೆ ಹೇಳಿದ್ದಲ್ಲ. ಆದರೂ ನಾನು ಎದ್ದೆ. ಒಳಬಾಗಿಲ ಹತ್ತಿರ ಡಾಕ್ಟರು ಕೈ ತೊಳೆಯಲು ಹೋಗುತ್ತಿದ್ದರು. ಅಡ್ಡ ನಿಂತೆ. ಅಣಬೆ ನೀರು, ಹುರುಳಿಕಾಳಿನ ನೀರು, ಸೊಪ್ಪಿನ ನೀರು, ಯಾವ ಯಾವ ದಿನ, ಎಷ್ಟೆಷ್ಟು ಲೋಟ, ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಮುಗಿದ ಮೇಲೆ, "ಅವತ್ತೇ ಯಾಕ್ರೀ ಹೇಳ್ಲಿಲ್ಲ?" ಎಂದರು. ಅವರು ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು.

ಪರೀಕ್ಷೆಯನ್ನು ಮುಂದಕ್ಕೆ ಹಾಕಿದರು. ಕೆಲವು ವಾರ ರಕ್ತ ಪರೀಕ್ಷೆ ಮಾತ್ರ, ಮತ್ತೆ ಏರಿದರೆ ನೋಡೋಣ ಎಂದರು. ಮನೆಯವರಿಗೆ ಹೇಳಬೇಕಾದ್ದನ್ನು ನೀವೇ ಹೇಳಿ ಎಂದು ನನಗೆ ಹೇಳಿ, ಅಕ್ಕನ ಹತ್ತಿರ ಹೋಗಿ, ರಿಪೋರ್ಟ್ ಚೆನ್ನಾಗಿದೆಯಮ್ಮ, ಇವತ್ತು ಏನೂ ಬೇಡ ಎಂದಷ್ಟೇ ತಿಳಿಸಿದರು.

ಮತ್ತೆ ಏರಲಿಲ್ಲ. ಇವತ್ತಿಗೂ ಅದೇ ಎಡಗೈಯಲ್ಲಿ ಅವಳ ಡಯಾಲಿಸಿಸ್ ನಡೆಯುತ್ತಿದೆ. ಅಣಬೆಯನ್ನೂ ಬಿಟ್ಟಿಲ್ಲ. ಡಯಟ್ ಮೇಡಂ ಎದುರು ಕೂತು, ನಾನು ಏನೇನು ಮಾಡಿದ್ದೆ ಎಂದು ಅವರಿಗೂ ಹೇಳಿ, ಬೈಸಿಕೊಂಡು ಕೇಳಿ ಬಂದೆ. ನೀರು ಪೂರಾ ಚೆಲ್ಲಿ, ಹೋಳನ್ನು ಹಿಂಡಿ, ಕಬ್ಬಿಣದ ಕಾವಲಿಯ ಮೇಲೆ ಬೆಳ್ಳುಳ್ಳಿ, ಮೆಣಸಿನ ಪುಡಿಯ ಜೊತೆ ಅಂಚು ಕೆಂಪಾಗುವವರೆಗೆ ಹುರಿದರೆ ತಿನ್ನುವಂತಿರುತ್ತದೆ. ಹಳೆಯ ಸಾರಿನ ರುಚಿ ಇದಕ್ಕಿಲ್ಲ. ಇದೆ ಎಂದು ಯಾರಿಗೂ ಹೇಳುವುದಿಲ್ಲ.

ಆದರೆ ಪರೀಕ್ಷೆ ಮುಂದಕ್ಕೆ ಹೋದ ಆ ದಿನ ನಾನು ಅರ್ಧ ಮಾತ್ರ ಮುಗಿಸಿದ್ದೆ. ಅಕ್ಕನ ಕೈ ಉಳಿದಿತ್ತು, ಅವಳ ಮಾನ ಹೋದಲ್ಲೇ ಇತ್ತು. ವಾಪಸು ಬರುವಾಗ ಆಟೋದಲ್ಲಿ ಭಾವ, ಕದ್ದು ತಿನ್ನುವುದನ್ನು ಬಿಟ್ಟದ್ದಕ್ಕೆ ಹೇಗೆ ಇಳಿಯಿತು ನೋಡು ಎಂದರು. ಅಕ್ಕ ಹೌದು ಎಂದು ತಲೆಯಾಡಿಸಿದಳು. ಹಾಗೆ ತಲೆಯಾಡಿಸುವಾಗ ಅವಳ ಮುಖದಲ್ಲಿ ಬೇಸರವೂ ಇರಲಿಲ್ಲ. ತಾನೇ ತಿಂದಿದ್ದೇನೋ ಎಂದು ಅವಳಿಗೇ ಅನ್ನಿಸತೊಡಗಿದಂತಿತ್ತು. ಡಾಕ್ಟರ ಮುಂದೆ ಹೇಳಿದ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಹೊರಗಿನವರ ಮುಂದೆ ಹೇಳಿದಷ್ಟು ಸುಲಭವಾಗಿ ಸ್ವಂತದವರ ಮುಂದೆ ಬರಲಿಲ್ಲ.

ಆ ಭಾನುವಾರ ಮಧ್ಯಾಹ್ನ ಎಲ್ಲರೂ ಮನೆಯಲ್ಲಿದ್ದರು. ಭಾವ ನಡುಮನೆಯಲ್ಲಿ ಟಿ.ವಿ. ಮುಂದೆ, ಸಿಂಧು ನೆಲದ ಮೇಲೆ ಕೂತು ಬಟ್ಟೆ ಮಡಚುತ್ತಿದ್ದಳು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ನನಗೆ ಬೆಳ್ಳುಳ್ಳಿ ಸುಲಿದುಕೊಡುತ್ತಿದ್ದಳು. ಅಣಬೆ ಬೆಂದಿತ್ತು. ನಾನು ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಸಿಂಕಿನ ಮೇಲೆ ಬಗ್ಗಿಸಿದೆ. ವಾಸನೆ ಎದ್ದಿತು. ಅಕ್ಕ ತಡೆಯಲಾರದೆ, "ಅಯ್ಯೋ, ಬಚ್ಚಲಿಗೆ ಉಣ್ಸ್ತಾ ಇದೀಯಲ್ಲೋ" ಎಂದಳು. ತಾನು ಹೇಳಿದ್ದು ತಮಾಷೆ ಎಂದು ತಾನೇ ನಕ್ಕಳು.

ಆ ನಗು ನೋಡಿ ನನಗೆ ಇನ್ನು ತಡೆಯಲಾಗಲಿಲ್ಲ. ಪಾತ್ರೆ ಕೆಳಗಿಟ್ಟೆ. ಟಿ.ವಿ. ಆರಿಸು ಎಂದು ಸಿಂಧುವಿಗೆ ಹೇಳಿದೆ. ಭಾವ ಏನೋ ಎಂದು ತಿರುಗಿದರು. ಮೂವರಿಗೂ ಕೇಳುವ ಹಾಗೆ ಹೇಳಿದೆ.

"ಅಕ್ಕ ಬಾಳೆಹಣ್ಣು ತಿಂದಿಲ್ಲ ಭಾವ. ಅದನ್ನ ತಿಂದೋನು ನಾನು, ಮೆಟ್ಲ ಮೇಲೆ ನಿಂತ್ಕೊಂಡು. ಅವ್ಳು ಏನೂ ಕದ್ದು ತಿಂದಿಲ್ಲ. ಚೆಲ್ಲಿ ಅಂದಿದ್ದ ಅಣಬೆ ನೀರಲ್ಲಿ ಸಾರು ಮಾಡಿ ಹಾಕ್ದೋನು ನಾನು. ಕಾಳಿನ ನೀರು, ಸೊಪ್ಪಿನ ನೀರು, ಎಲ್ಲಾ ಹಾಕಿದೀನಿ. ಡಾಕ್ಟರ್ ಕೇಳ್ದಾಗ ನಿಮ್ಮ ಮುಂದೇನೇ ಸುಳ್ಳು ಹೇಳ್ದೆ."

ಸಿಂಧುವಿನ ಕೈಯಲ್ಲಿ ಅರ್ಧ ಮಡಚಿದ ಸೀರೆ ಹಾಗೆಯೇ ಇತ್ತು. ಭಾವ ಎದ್ದು ನಿಂತರು, ಆದರೆ ಎತ್ತ ಹೋಗಬೇಕೆಂದು ತಿಳಿಯದವರಂತೆ ನಿಂತಲ್ಲೇ ನಿಂತರು. ಅಕ್ಕ ನನ್ನನ್ನು ನೋಡಲಿಲ್ಲ. ಸುಲಿದ ಬೆಳ್ಳುಳ್ಳಿಯನ್ನು ಅಂಗೈಯಲ್ಲಿ ಹಿಡಿದುಕೊಂಡು, ಆ ಅಂಗೈಯನ್ನೇ ನೋಡುತ್ತಿದ್ದಳು.

ನಾನು ಅವಳ ಮುಂದೆ ಕುಕ್ಕುರುಗಾಲಲ್ಲಿ ಕೂತೆ.

"ಅವತ್ತು ಇದೇ ಬಾಗಿಲಲ್ಲಿ ನಿಂತು ನೀನು ತಪ್ಪಾಯ್ತು ಅಂದ್ಯಲ್ಲ. ಅದು ನೀನು ಹೇಳೋ ಮಾತಾಗಿರ್ಲಿಲ್ಲ, ನಾನು ಹೇಳ್ಬೇಕಾಗಿತ್ತು. ತಪ್ಪಾಯ್ತು ಕಣಕ್ಕ."